ನಮ್ಮವರು ಮಾತಾಡುವ ಕಂಪ್ಯೂಟರ್

ನನ್ನ ಗಂಡ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಶಕ್ತಿನಗರದಿಂದ ಹೊರಟು ನಂತೂರು, ಮಲ್ಲಿಕಟ್ಟೆ, ಜ್ಯೋತಿ ಹಾದು ಹಂಪನಕಟ್ಟೆಗೆ ಇಳಿಯುವ ಖಾಸಗಿ ಬಸ್ಸು. ಅವರ ಸ್ವರ ದೊಡ್ಡದು. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಸ್ಟಾಪಿನಲ್ಲಿ ನಿಂತವರಿಗೆ ಯಾವ ಬಸ್ಸು ಬಂತೆಂದು ಗೊತ್ತಾಗುತ್ತಿತ್ತು. ಆದರೆ ಆ ಸ್ವರವನ್ನು ನಾನು ಕೇಳಿದ್ದು ಹೆಚ್ಚಾಗಿ ಬಸ್ಸಿನಲ್ಲೇ. ಜೆಪ್ಪುವಿನ ಒಂದು ಪ್ರೆಸ್ಸಿನಲ್ಲಿ ನಾನು ಕನ್ನಡ ಟೈಪ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದೆ. ಬೆಳಿಗ್ಗೆ ಪೇಟೆಯವರೆಗೆ ಅವರದೇ ಬಸ್ಸು. ಅಲ್ಲಿ ಅವರು ಅಜ್ಜಿಯರನ್ನು ಹತ್ತಿಸಿಕೊಳ್ಳುತ್ತಾ, ಕಾಲೇಜು ಮಕ್ಕಳಿಗೆ ತಮಾಷೆ ಮಾಡುತ್ತಾ, ಡ್ರೈವರಿಗೆ ಕೂಗಿ ಹೇಳುತ್ತಾ ಇರುವುದನ್ನು ನೋಡುವಾಗ ಇವರು ಯಾರೋ ಬೇರೆ ಮನುಷ್ಯ ಎನ್ನಿಸುತ್ತಿತ್ತು. ಸಂಜೆ ಮನೆಗೆ ಬಂದರೆ ಮಾತೇ ಇಲ್ಲ. ಸ್ನಾನ, ಊಟ, ಪೇಪರು. ಏನಾದರೂ ಕೇಳಿದರೆ ‘ಹೂಂ’. ಇಡೀ ದಿನ ಕೂಗಿ ಬಂದವರಿಗೆ ಮನೆಯಲ್ಲಾದರೂ ಬಾಯಿಗೆ ರಜೆ ಬೇಕಲ್ಲ ಎಂದು ನಾನೂ ಸುಮ್ಮನಾಗಿದ್ದೆ.

ಮಗಳ ಮದುವೆಯಾಗಿ ಅವಳು ಕಾವೂರಿಗೆ ಹೋದ ಮೇಲೆ ಒಂದು ಮಳೆಗಾಲದಲ್ಲಿ ಅವರ ಸ್ವರ ಒಡೆಯಿತು. ಶೀತ ಎಂದುಕೊಂಡೆವು. ಶುಂಠಿ ಕಷಾಯ ಮಾಡಿಕೊಟ್ಟೆ, ಕಾಳುಮೆಣಸು ಜಗಿಸಿದೆ. ಮಳೆ ಮುಗಿದರೂ ಸ್ವರ ಸರಿಯಾಗಲಿಲ್ಲ. ಆಮೇಲೆ ಆಸ್ಪತ್ರೆ, ಪರೀಕ್ಷೆ, ಕಾಯುವುದು. ಗಂಟಲಿನ ಕ್ಯಾನ್ಸರ್ ಎಂದಾಯಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು ಎಂದು ಡಾಕ್ಟರ್ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ನಮ್ಮವರು ಕಿಟಕಿಯ ಹೊರಗೆ ನೋಡಿದರು. ಮತ್ತೆ ಆ ಒಡೆದ ಸ್ವರದಲ್ಲೇ, “ತೆಗೀರಿ ಡಾಕ್ಟ್ರೇ. ಇದು ಹೇಗೂ ಸುಮಾರು ಕೆಲಸ ಮಾಡಿ ಆಯ್ತು” ಎಂದರು. ಡಾಕ್ಟರು ನಗಲಿಲ್ಲ. ನಾನೂ ನಗಲಿಲ್ಲ.

ಆಪರೇಶನ್ ಚೆನ್ನಾಗಿ ಆಯಿತು. ಕುತ್ತಿಗೆಯಲ್ಲಿ ಒಂದು ತೂತು, ಇನ್ನು ಉಸಿರಾಟವೆಲ್ಲ ಅದರಿಂದಲೇ. ಬಾಯಿಗೆ ಗಾಳಿಯೇ ಬರುವುದಿಲ್ಲವಾದ್ದರಿಂದ ಪಿಸುಗುಟ್ಟಲೂ ಆಗುವುದಿಲ್ಲ, ವಿಶಲ್ ಊದಲೂ ಆಗುವುದಿಲ್ಲ. ನನ್ನ ಹಳೆಯ ಹತ್ತಿ ಸೀರೆಯನ್ನು ಹರಿದು ತೂತಿನ ಮುಂದೆ ಕಟ್ಟಲು ಸಣ್ಣ ಸಣ್ಣ ಬಟ್ಟೆ ಹೊಲಿದುಕೊಟ್ಟೆ. ಅದಕ್ಕೆಲ್ಲ ಅವರು ಬೇಗ ಹೊಂದಿಕೊಂಡರು. ಹೊಂದಿಕೊಳ್ಳಲಾಗದೆ ಹೋದದ್ದು ಮಾತಿಲ್ಲದ್ದಕ್ಕೆ. ಗಂಟಲಿಗೆ ಒತ್ತಿ ಹಿಡಿದರೆ ಸ್ವರ ಬರುವ ಒಂದು ಯಂತ್ರವನ್ನು ಆಸ್ಪತ್ರೆಯಲ್ಲಿ ತೋರಿಸಿದರು. ಅದರ ಗುಂಯ್ ಎನ್ನುವ ಸದ್ದು ಕೇಳಿ ಅವರು ಅದನ್ನು ಮೆಲ್ಲನೆ ಮೇಜಿನ ಮೇಲಿಟ್ಟು ಬೇಡವೆಂದು ಕೈಮುಗಿದರು. ಮನೆಯಲ್ಲಿ ಸ್ಲೇಟು ಹಿಡಿದರೆ ಬಳಪದ ಹುಡಿ ಕುತ್ತಿಗೆಗೆ ಹೋಗಿ ಕೆಮ್ಮು ಹತ್ತುತ್ತಿತ್ತು. ಕಾಗದದಲ್ಲಿ ಬರೆದರೆ ಓಡುವ ಬಸ್ಸಿನಲ್ಲಿ ಟಿಕೇಟಿನ ಮೇಲೆ ಗೀಚಿ ಗೀಚಿ ಬಂದ ಅಕ್ಷರ. ಅದನ್ನು ಓದಲು ನನ್ನಿಂದ ಆಗುತ್ತಿರಲಿಲ್ಲ. ನಾನು “ಇದು ಎಂತ?” ಎಂದು ಎರಡು ಸಲ ಕೇಳಿದರೆ ಪೆನ್ನು ಎಸೆದು ಹೊರಗೆ ಹೋಗಿ ಅಂಗಳದಲ್ಲಿ ನಿಲ್ಲುತ್ತಿದ್ದರು.

ಪ್ರೆಸ್ಸಿನಲ್ಲಿ ಒಂದು ದಿನ ನನ್ನ ಮುಖ ನೋಡಿ ಅಲ್ಲಿನ ಯಜಮಾನರು ವಿಷಯ ಕೇಳಿದರು. ಮನೆಯಲ್ಲಿ ಕೊಂಕಣಿ, ಕೆಲಸದವರೊಂದಿಗೆ ತುಳು, ಗಿರಾಕಿಗಳೊಂದಿಗೆ ಕನ್ನಡ ಆಡುವ, ಇಗರ್ಜಿಯ, ಎಂದರೆ ಚರ್ಚಿನ, ಪತ್ರಿಕೆಯಿಂದ ಹಿಡಿದು ಮದುವೆ ಕಾಗದದವರೆಗೆ ಎಲ್ಲವನ್ನೂ ಅಚ್ಚು ಮಾಡುವ ಹಿರಿಯರು. ನಾನು ಹೇಳಿ ಮುಗಿಸುವವರೆಗೆ ಕೇಳಿ, ಬೆರಳಿನಿಂದ ಮೂಲೆ ತೋರಿಸಿದರು. ಅಲ್ಲಿ ಕಾಗದದ ಕಟ್ಟುಗಳ ಹಿಂದೆ, ಹಳೆಯ ಬೆಡ್‌ಶೀಟ್ ಹೊದ್ದು, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಟೈಪ್ ಮಾಡುತ್ತಿದ್ದ ಕಂಪ್ಯೂಟರ್ ಕೂತಿತ್ತು. ಹೊಸ ಮೆಷಿನ್‌ಗಳು ಬಂದ ಮೇಲೆ ಯಾರೂ ಅದರಲ್ಲಿ ಕೆಲಸ ಮಾಡಿರಲಿಲ್ಲ.

“ಅದನ್ನು ತಗೊಂಡು ಹೋಗಿ. ಕನ್ನಡ ಅದರಲ್ಲೇ ಉಂಟು.”

“ಅದು ಇನ್ನು ನಡೀತದಾ ಸರ್?”

“ನಡೀಲಿಕ್ಕಿಲ್ಲ ಅಂತ ನಾನು ಹೋದ ವರ್ಷ ಗುಜರಿಗೆ ಹಾಕ್ಲಿಕ್ಕೆ ಹೊರಟೆ. ಒಮ್ಮೆ ನೋಡುವ ಅಂತ ಸ್ವಿಚ್ ಹಾಕಿದ್ರೆ ಪಕ್ಕನೆ ಆನ್ ಆಯ್ತು. ಮತ್ತೆ ಕೊಡ್ಲಿಕ್ಕೆ ಮನಸ್ಸಾಗ್ಲಿಲ್ಲ.”

ರಿಕ್ಷಾದಲ್ಲಿ ಅದನ್ನು ಮನೆಗೆ ತಂದೆ. ಬೂದು ಪೆಟ್ಟಿಗೆ ಹಳದಿಗೆ ತಿರುಗಿತ್ತು. ಟಿವಿಯಷ್ಟು ದಪ್ಪದ ಪರದೆಯನ್ನು ನನ್ನ ಮಡಿಲಲ್ಲೇ ಇಟ್ಟುಕೊಂಡಿದ್ದೆ. ಅವರು ಬಾಗಿಲಲ್ಲಿ ನಿಂತು ನೋಡಿ, ಇದೆಲ್ಲ ಎಂತಕ್ಕೆ ಎಂಬಂತೆ ಕೈ ಆಡಿಸಿದರು.

ಸಂಜೆ ಸಂಜೆ ಕೂತು ಕಲಿಸಿದೆ. ಆ ಕೀಬೋರ್ಡಿನಲ್ಲಿ ಇಂಗ್ಲಿಷಿನ ‘ಕೆ’ ಒತ್ತಿದರೆ ‘ಕ’ ಬರುತ್ತದೆ, ‘ಎಂ’ ಒತ್ತಿದರೆ ‘ಮ’. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಒತ್ತಬೇಕು. ನನ್ನದು ಹತ್ತು ಬೆರಳಿನ ಅಭ್ಯಾಸ. ಅವರದು ಎರಡೇ ಬೆರಳು. ಟಿಕೇಟು ಹರಿಯುತ್ತಿದ್ದ ಆ ಎರಡು ಬೆರಳುಗಳು ಒಂದೊಂದೇ ಅಕ್ಷರ ಹುಡುಕಿ ಕುಕ್ಕುತ್ತಿದ್ದವು. ಕೆಲವು ದಿನ ಬರೀ ಕಾಗುಣಿತ. ಆಮೇಲೆ ಒಂದು ಸಂಜೆ ನಾನು ಅಡುಗೆಮನೆಯಲ್ಲಿರುವಾಗ ಮೇಜನ್ನು ತಟ್ಟಿ ಕರೆದರು. ಬಂದು ನೋಡಿದರೆ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇತ್ತು:

‘ನೀವು ಮಾಡುವ ಗಂಜಿ ಸಾಕಾಯಿತು.’

ನಾನು ನಕ್ಕೆ, ನಗುತ್ತಲೇ ಕಣ್ಣು ತುಂಬಿತು. ಗಂಜಿಗಾಗಿ ಅಲ್ಲ, ಆ ‘ನೀವು’ ಎಂಬುದಕ್ಕಾಗಿ. ಮನೆಯಲ್ಲಿ ನಮ್ಮದು ತುಳು. ತುಳುವಿನಲ್ಲಿ ಅವರು ನನಗೆ ಏಕವಚನವೇ. ಆದರೆ ಬರವಣಿಗೆ ಎಂದರೆ ಅವರಿಗೆ ಕನ್ನಡ, ಶಾಲೆಯಲ್ಲಿ ಕಲಿತದ್ದು, ಆಫೀಸಿನವರ ಹತ್ತಿರ ಆಡುವಂಥದ್ದು. ಕೀಬೋರ್ಡಿನ ಮುಂದೆ ಕೂತ ಕೂಡಲೇ ಅವರಿಗೆ ನಾನು ಬಹುವಚನವಾಗಿಬಿಟ್ಟಿದ್ದೆ. “ಎಂತ ಇದು, ನಾನು ಪ್ಯಾಸೆಂಜರಾ?” ಎಂದು ತುಳುವಿನಲ್ಲಿ ಕೇಳಿದೆ. ಅವರು ಸ್ವಲ್ಪ ಯೋಚಿಸಿ ಕುಕ್ಕಿದರು: ‘ಕನ್ನಡದಲ್ಲಿ ನೀನು ಎಂದರೆ ಜಗಳದ ಹಾಗೆ ಕಾಣುತ್ತದೆ.’ ಅವತ್ತಿನಿಂದ ಇವತ್ತಿನವರೆಗೂ ನಮ್ಮ ಸಂಸಾರ ಹಾಗೆಯೇ. ನಾನು ತುಳುವಿನಲ್ಲಿ ಹೇಳುತ್ತೇನೆ, ಅವರು ಕನ್ನಡದಲ್ಲಿ ಗೌರವ ಕೊಟ್ಟು ಉತ್ತರಿಸುತ್ತಾರೆ.

ಬೆರಳು ಪಳಗುತ್ತಾ ಹೋದ ಹಾಗೆ ವಾಕ್ಯಗಳು ಉದ್ದವಾದವು. ನಾನು ಕೆಲಸದಿಂದ ಬರುವಷ್ಟರಲ್ಲಿ ಪರದೆಯ ತುಂಬ ಮಾತು. ಚಿಕ್ಕಂದಿನಲ್ಲಿ ತಾಯಿ ಗದ್ದೆಗೆ ಹೋಗುವಾಗ ಅವರನ್ನು ಹುಣಸೆಮರದ ಕೆಳಗೆ ಕೂರಿಸಿ ಹೋಗುತ್ತಿದ್ದದ್ದು, ಬಸ್ಸಿಗೆ ಸೇರಿದ ಹೊಸತರಲ್ಲಿ ಸ್ಟಾಪಿನ ಹೆಸರು ಕೂಗಲು ನಾಚಿಕೆಯಾಗಿ ಹಿಂದಿನ ಬಾಗಿಲಲ್ಲಿ ತಲೆ ಹೊರಗೆ ಹಾಕಿ ಅಭ್ಯಾಸ ಮಾಡುತ್ತಿದ್ದದ್ದು, ದಿನಾ ಮಲ್ಲಿಗೆ ಮುಡಿದು ಬರುತ್ತಿದ್ದ ಒಬ್ಬ ನರ್ಸು ಹೆರಿಗೆಗೆ ಹೋದವರು ಮಗುವನ್ನು ತೋರಿಸಲಿಕ್ಕೆಂದೇ ಬಸ್ಸು ಹತ್ತಿದ್ದು. ಒಂದನ್ನೂ ನಾನು ಮೊದಲು ಕೇಳಿರಲಿಲ್ಲ. ಒಂದು ದಿನ ಕೊನೆಯ ಸಾಲಿನಲ್ಲಿ ಹೀಗೆ ಇತ್ತು: ‘ನೀವು ಪ್ರೆಸ್ಸಿನಲ್ಲಿ ಇಡೀ ದಿನ ಎಂತ ಮಾಡುತ್ತೀರಿ? ನಾನು ಕೇಳಿಯೇ ಇಲ್ಲ.’ ನಾನು ಚೀಲವನ್ನೂ ಇಳಿಸದೆ ಅಲ್ಲೇ ಕುರ್ಚಿ ಎಳೆದು ಕೂತು ಹೇಳಿದೆ. ಅವರು ಕೆನ್ನೆಗೆ ಕೈಕೊಟ್ಟು ಕೇಳಿದರು. ನಡುವೆ ನಡುವೆ ‘ಮತ್ತೆ?’ ಎಂದು ಒತ್ತುತ್ತಿದ್ದರು. ಆ ಹಳದಿ ಪೆಟ್ಟಿಗೆಗೆ ನಾನು ಮನಸ್ಸಿನಲ್ಲೇ ಕೈಮುಗಿದದ್ದು ಅವತ್ತು.

ಹಳೆಯ ಸಾಮಾನಾದ್ದರಿಂದ ಅದಕ್ಕೆ ಅದರದೇ ಕಷ್ಟಗಳಿದ್ದವು. ಒಳಗಿನ ಗಡಿಯಾರದ ಬ್ಯಾಟರಿ ಯಾವಾಗಲೋ ಸತ್ತಿತ್ತು. ಪ್ರತಿ ಬೆಳಿಗ್ಗೆ ಅದಕ್ಕೆ ಯಾವುದೋ ಹಳೆಯ ವರ್ಷದ ಜನವರಿ ಒಂದು. ಒಂದು ಕೀಲಿ ಒತ್ತಿ ಒಪ್ಪಿಗೆ ಕೊಟ್ಟರೆ ಮುಂದಕ್ಕೆ ಹೋಗುತ್ತಿತ್ತು. ಒಂದು ಬೇಸಿಗೆಯಲ್ಲಿ ಇರುವೆಗಳು ಒಳಗೆ ಮನೆ ಮಾಡಿದವು. ಇನ್ನೊಮ್ಮೆ ‘ಎಫ್’ ಕೀಲಿ ಕಿತ್ತು ಹೋಯಿತು. ಒತ್ತಕ್ಷರಗಳೆಲ್ಲ ಬಿಡಿ ಬಿಡಿಯಾದವು. ನಾನು ತಡವಾಗಿ ಬಂದ ಒಂದು ಸಂಜೆ ಪರದೆಯಲ್ಲಿ, ‘ನೀವು ಇಷಟು ಹೊತತು ಎಲಲಿ ಇದದಿರಿ’ ಎಂದಿತ್ತು. ಸಿಟ್ಟಿನಲ್ಲಿ ಬರೆದದ್ದೆಂದು ಅವರ ಮುಖವೇ ಹೇಳುತ್ತಿತ್ತು. ಆದರೆ ನಾನು ಇದ್ದದ್ದನ್ನು ಇದ್ದ ಹಾಗೆ ಗಟ್ಟಿಯಾಗಿ ಓದಿದಾಗ ಅವರ ಹೆಗಲು ಕುಲುಕತೊಡಗಿತು. ಅವರ ನಗುವಿಗೆ ಈಗ ಸದ್ದಿಲ್ಲ; ಹೆಗಲು ಮಾತ್ರ ಕುಲುಕುತ್ತದೆ. ಹಳೆಯ ಗುಂಡು ಪ್ಲಗ್ಗಿನ ಕೀಬೋರ್ಡ್ ಅಂಗಡಿಗಳಲ್ಲಿ ಸಿಗುವುದಿಲ್ಲ. ಮಗಳು ಎಲ್ಲೋ ಹುಡುಕಿ ಒಂದನ್ನು ತರುವವರೆಗೆ ನಾವು ಆ ಒಡೆದ ಕನ್ನಡದಲ್ಲೇ ಬದುಕಿದೆವು.

ಮಗಳೇ ಮುಂದೆ ಒಂದು ಟ್ಯಾಬ್ ಕೂಡ ತಂದಳು. “ಅಪ್ಪ, ನೀವು ಬರೆದದ್ದನ್ನು ಇದು ಓದಿ ಹೇಳ್ತದೆ” ಎಂದು ಒಂದು ವಾಕ್ಯ ಬರೆಸಿದಳು. ಟ್ಯಾಬಿನಿಂದ ಯಾವುದೋ ಹೆಂಗಸಿನ ಸಪಾಟು ಕನ್ನಡ ಬಂತು. ಅವರು ಆ ಕಡೆ ಈ ಕಡೆ ನೋಡಿ, ಮತ್ತೆ ತಮ್ಮ ಕೀಬೋರ್ಡಿಗೆ ಹೋಗಿ ಬರೆದರು: ‘ಇವರು ಯಾರು? ಇವರಿಗೆ ನಮ್ಮ ಮನೆಯ ವಿಷಯ ಎಂತಕ್ಕೆ?’ ಮಗಳು ನಕ್ಕಳು. “ಮತ್ತೆ ಯಾರು ಓದ್ಬೇಕು ಅಪ್ಪ?” ಎಂದಳು. ಅವರು ನನ್ನ ಕಡೆ ನೋಡದೆ ಕುಕ್ಕಿದರು: ‘ನಿನ್ನ ಅಮ್ಮ ಓದಿದರೆ ಸಾಕು. ಅವರ ಬಾಯಲ್ಲಿ ನನ್ನ ಮಾತು ಸರಿಯಾಗಿ ಬರುತ್ತದೆ.’ ಅದನ್ನು ಗಟ್ಟಿಯಾಗಿ ಓದಲು ನನಗೆ ಅವತ್ತು ಆಗಲಿಲ್ಲ. ಮಗಳೇ ಓದಿದಳು. ಟ್ಯಾಬಿನಲ್ಲಿ ಅವರು ಈಗ ಯಕ್ಷಗಾನ ನೋಡುತ್ತಾರೆ.

ನಮ್ಮ ಊರಿನ ಸಿಡಿಲು ಎಂದರೆ ಗೊತ್ತಲ್ಲ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಸಂಜೆಯಾದರೆ ಆಕಾಶ ಗುಡುಗಲು ಸುರು. ದೂರದಲ್ಲಿ ಗುಡುಗಿದರೂ ಪ್ಲಗ್ ತೆಗೆಯಬೇಕು. ಹಾಗಾಗಿ ಗುಡುಗು ಎಂದರೆ ನಮ್ಮ ಮನೆಯಲ್ಲಿ ಮಾತು ಬಂದ್. ಎಷ್ಟೋ ಮಾತು ಅರ್ಧದಲ್ಲಿ ನಿಂತು ಮಾರನೆಯ ದಿನ ಮುಂದುವರಿದದ್ದುಂಟು.

ಅವರ ಬಸ್ಸಿನ ಡ್ರೈವರ್ ನಿವೃತ್ತರಾದಾಗ ನಡೆದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರಿಬ್ಬರೂ ಒಂದೇ ಬಸ್ಸಿನಲ್ಲಿ ಮುದುಕರಾದವರು. ಆಪರೇಶನ್ ಆದ ಮೇಲೂ ಡ್ರೈವರ್ ರಜೆಯ ದಿನ ತಪ್ಪದೆ ಬಂದು, ಪರದೆಯ ಮುಂದೆ ಕನ್ನಡಕ ಹಾಕಿ ಕೂತು, ಒಂದೊಂದೇ ಅಕ್ಷರ ಕೂಡಿಸಿ ಓದಿ ಉತ್ತರ ಹೇಳುತ್ತಿದ್ದರು. ಬಸ್ಸಿನ ಧಣಿಗಳು ಶಕ್ತಿನಗರದ ಒಂದು ಹಾಲ್‌ನಲ್ಲಿ ಸಣ್ಣ ಸನ್ಮಾನ ಇಟ್ಟಿದ್ದರು. ಡ್ರೈವರೇ ಬಂದು ಕರೆದರು.

“ನೀನು ನಾಲ್ಕು ಮಾತು ಹೇಳ್ಬೇಕು ಮಾರಾಯ. ಬೇರೆ ಯಾರು ಹೇಳಿದ್ರೂ ನನಗೆ ಸಮಾಧಾನ ಇಲ್ಲ.”

‘ನಾನು ಹೇಳುವುದಾ?’ ಎಂದು ಬರೆದು ಅವರು ತಮ್ಮ ಕುತ್ತಿಗೆಯ ಬಟ್ಟೆಯನ್ನು ತೋರಿಸಿದರು.

“ನಿನಗೆ ಹೇಗೆ ಆಗ್ತದೋ ಹಾಗೆ” ಎಂದು ಡ್ರೈವರ್ ಎದ್ದು ಹೋದರು.

ಮಾರನೆಯ ಸಂಜೆ ಆ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳ ಹತ್ತಿತು. ಹೋಗಲೇಬೇಕು ಎಂದು ನಾನು. ‘ಅಲ್ಲಿ ನನ್ನನ್ನು ನೋಡಿ ಪಾಪ ಎನ್ನಲಿಕ್ಕೆ ಜನ ಇದ್ದಾರೆ. ಗೂಟದ ಹಾಗೆ ಕೂತು ಬರಲಿಕ್ಕೆ ನಾನಿಲ್ಲ’ ಎಂದು ಅವರು. ಬರೆದುಕೊಡಿ, ನಾನೇ ಓದುತ್ತೇನೆ ಎಂದೆ. ‘ಅದು ಭಾಷಣ. ನಾವು ಇಬ್ಬರು ಯಾವತ್ತೂ ಭಾಷಣ ಮಾಡಿಕೊಂಡದ್ದಿಲ್ಲ’ ಎಂದರು. ಹೊರಗೆ ಗುಡುಗಿತು. ಪ್ಲಗ್ ತೆಗೆಯಿರಿ ಎಂದೆ. ಅವರು ಕೈ ಎತ್ತಿ ತಡೆದು ಇನ್ನೂ ರಭಸದಿಂದ ಕುಕ್ಕತೊಡಗಿದರು. ಅಷ್ಟರಲ್ಲಿ ಮನೆಯ ಮೇಲೆಯೇ ಬಿದ್ದ ಹಾಗೆ ಒಂದು ಸಿಡಿಲು. ಪೆಟ್ಟಿಗೆಯೊಳಗೆ ಟಪ್ ಎಂದಿತು. ಸುಟ್ಟ ವಾಸನೆ ಬಂತು. ಪರದೆ ಕಪ್ಪಾಯಿತು.

ಅವರು ಕೈಗಳನ್ನು ಕೀಬೋರ್ಡಿನ ಮೇಲೆ ಹಾಗೆಯೇ ಇಟ್ಟುಕೊಂಡು ಕೂತಿದ್ದರು. ಮುಖದ ಸಿಟ್ಟೆಲ್ಲ ಇಳಿದುಹೋಗಿತ್ತು. ಆಸ್ಪತ್ರೆಯಲ್ಲಿ ಆ ಡಾಕ್ಟರ್ ಎದುರು ಕೂತಿದ್ದಾಗಲೂ ನಾನು ಅವರನ್ನು ಹಾಗೆ ನೋಡಿರಲಿಲ್ಲ.

ಪೇಟೆಯ ಅಂಗಡಿಗಳಿಗೆ ಕೊಂಡುಹೋದೆ. ಇಷ್ಟು ಹಳೆಯದಕ್ಕೆ ಪಾರ್ಟ್ಸ್ ಬರುವುದಿಲ್ಲ, ಹೊಸತು ತೆಗೆಯಿರಿ ಎಂದರು. ಮನೆಯಲ್ಲಿ ಅವರು ಮತ್ತೆ ಮೊದಲಿನ ಮನುಷ್ಯನಾದರು. ಸ್ನಾನ, ಊಟ, ಪೇಪರು. ಟ್ಯಾಬ್ ಮುಂದಿಟ್ಟರೆ ಒಂದೆರಡು ಪದ ಒತ್ತಿ ದೂಡಿಬಿಡುತ್ತಿದ್ದರು. ಅವರ ದಪ್ಪ ಒಣ ಬೆರಳಿಗೆ ಆ ಗಾಜು ಒಗ್ಗುತ್ತಿರಲಿಲ್ಲ. ಮನೆ ಇಷ್ಟು ನಿಶ್ಶಬ್ದವಾಗಿರಬಹುದೆಂದು ನಾನು ಮರೆತಿದ್ದೆ.

ಪ್ರೆಸ್ಸಿನ ಯಜಮಾನರಿಗೆ ಹೇಳಿದೆ. ಆ ಭಾನುವಾರ ಅವರು ಪೂಜೆ ಮುಗಿಸಿ, ಇಗರ್ಜಿಗೆ ಹೋದ ಅದೇ ಬಿಳಿ ಅಂಗಿಯಲ್ಲಿ ರಿಕ್ಷಾದಿಂದ ನಮ್ಮ ಅಂಗಳದಲ್ಲಿ ಇಳಿದರು. ಕೈಯಲ್ಲಿ ಇನ್ನೊಂದು ಹಳದಿ ಪೆಟ್ಟಿಗೆ. ಜೊತೆಗೆ ಪ್ರೆಸ್ಸಿನ ಮೆಷಿನ್‌ಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್.

“ಇದು ಅದರ ಜೊತೆಯದ್ದು. ಅಟ್ಟದಲ್ಲಿತ್ತು” ಎಂದರು ನಮ್ಮವರಿಗೆ. “ಎರಡನ್ನೂ ಒಟ್ಟಿಗೆ ತಂದದ್ದು ನಾನು. ಇದರ ತಲೆ ಹಾಳಾಗಿದೆ, ಹೊಟ್ಟೆ ಸರಿ ಉಂಟು. ನಿಮ್ಮದು ಹೊಟ್ಟೆ ಸುಟ್ಟದ್ದು ಅಂತ ಕಾಣ್ತದೆ. ಬದಲಿಸಿ ನೋಡುವ.”

ಮೆಕ್ಯಾನಿಕ್ ಕರೆಂಟು ಕೊಡುವ ಡಬ್ಬಿಯನ್ನು ಅದರಿಂದ ತೆಗೆದು ಇದಕ್ಕೆ ಸಿಕ್ಕಿಸಿದರು. ನಾನು ಚಹಾ ಮಾಡಲು ಒಳಗೆ ಹೋದೆ; ನೋಡುತ್ತಾ ನಿಲ್ಲಲು ಧೈರ್ಯವಿರಲಿಲ್ಲ. ನೀರು ಕುದಿಯುವಾಗ ಚಾವಡಿಯಿಂದ ಆ ಹಳೆಯ ಫ್ಯಾನಿನ ಗರಗರ ಕೇಳಿತು. ಹೊರಗೆ ಬಂದೆ. ಅದು ಜನವರಿ ಒಂದು ಎಂದು ತೋರಿಸುತ್ತಿತ್ತು. ನಮ್ಮವರು ಯಜಮಾನರ ಎರಡೂ ಕೈಗಳನ್ನು ಹಿಡಿದುಕೊಂಡಿದ್ದರು. ಯಜಮಾನರು, “ಬಿಡಿ ಬಿಡಿ, ಮೊದಲು ಎಂತಾದ್ರೂ ಬರೆದು ನೋಡಿ” ಎಂದರು. ನಮ್ಮವರು ಕೂತು ಬರೆದರು:

‘ನಾನು ಸನ್ಮಾನಕ್ಕೆ ಹೋಗುತ್ತೇನೆ. ಇದನ್ನೂ ಕರೆದುಕೊಂಡು ಹೋಗುವ.’

ಹಾಗೆ ನಮ್ಮ ಕಂಪ್ಯೂಟರ್ ವೇದಿಕೆ ಹತ್ತಿತು. ಹಾಲ್‌ನವರು ತಮ್ಮ ಲ್ಯಾಪ್‌ಟಾಪ್ ಕೊಡುತ್ತೇವೆ ಎಂದರೂ ನಮ್ಮವರು ಒಪ್ಪಲಿಲ್ಲ. ಮದುವೆಗಳಲ್ಲಿ ಫೋಟೋ ತೋರಿಸುವ ಪ್ರೊಜೆಕ್ಟರಿಗೆ ವಯರ್ ಎಳೆದು ಹಿಂದಿನ ಬಿಳಿ ಬಟ್ಟೆಯ ಮೇಲೆ ಅಕ್ಷರ ಬೀಳುವ ಹಾಗೆ ಮಾಡಿದರು. ಶಾಲು ಹೊದ್ದ ಡ್ರೈವರ್ ಒಂದು ಕುರ್ಚಿಯಲ್ಲಿ, ಪಕ್ಕದ ಮೇಜಿನಲ್ಲಿ ನಮ್ಮವರು. ಸಭೆಯಲ್ಲಿ ಡ್ರೈವರುಗಳು, ಕಂಡಕ್ಟರುಗಳು, ಅವರ ಮನೆಯವರು. ನಮ್ಮವರು ಎರಡು ಬೆರಳಲ್ಲಿ ಒತ್ತತೊಡಗಿದರು. ಒಂದೊಂದೇ ಅಕ್ಷರ ಬಟ್ಟೆಯ ಮೇಲೆ ಮೂಡುವುದನ್ನು ಜನ ಕಾಯುತ್ತಾ ಓದುತ್ತಿದ್ದರು. ಮೊದಲು ಬಂದದ್ದು ಹೊಗಳಿಕೆಯಲ್ಲ, ಪ್ರಶ್ನೆ.

‘ಡ್ರೈವರ್ರೇ, ಇಷ್ಟು ವರ್ಷದಲ್ಲಿ ಬ್ರೇಕ್ ಹಾಕುವ ಮೊದಲು ಒಮ್ಮೆಯಾದರೂ ಹಿಂದೆ ನಿಂತವನ ನೆನಪಾಗಿದೆಯಾ?’

ಸಭೆ ಗೊಳ್ಳೆಂದಿತು. ಡ್ರೈವರ್ ಮೈಕ್ ಎಳೆದುಕೊಂಡು, “ನೀನು ಬಿದ್ದದ್ದು ಯಾವಾಗ ಮಾರಾಯ? ಬಾಗಿಲಿಗೆ ಅಂಟಿಕೊಂಡೇ ಇದ್ದೆಯಲ್ಲ” ಎಂದರು.

‘ಬೀಳದೆ ಇದ್ದದ್ದು ನನ್ನ ಸಾಮರ್ಥ್ಯ.’

“ಬೀಳಿಸದೆ ಇದ್ದದ್ದು ನನ್ನದು.”

ಹಾಗೆಯೇ ನಡೆಯಿತು. ಒಬ್ಬರು ಬರೆಯುವುದು, ಒಬ್ಬರು ಹೇಳುವುದು. ನಡುವೆ ಅಕ್ಷರ ಮೂಡಲು ತಡವಾದಾಗ ಯಾರೂ ಗಡಿಬಿಡಿ ಮಾಡಲಿಲ್ಲ. ಕೊನೆಗೆ ನಮ್ಮವರು ಬರೆದರು: ‘ಕನ್ನಡಿಯಲ್ಲಿ ನೀವು ನನ್ನನ್ನು ನೋಡುತ್ತಾ ಇದ್ದಿರಿ ಎಂದು ನನಗೆ ಗೊತ್ತು. ಅದಕ್ಕೇ ನನಗೆ ಹೆದರಿಕೆ ಇರಲಿಲ್ಲ.’ ಡ್ರೈವರ್ ಅದನ್ನು ತಾವೇ ಓದಿದರು, ಅಕ್ಷರ ಕೂಡಿಸಿ ಕೂಡಿಸಿ. ಓದಿ ಮುಗಿದ ಮೇಲೆ ಮೈಕನ್ನು ಕೆಳಗಿಟ್ಟರು. ಎದ್ದು ಬಂದು ನಮ್ಮವರ ಹಿಂದೆ ನಿಂತು ಹೆಗಲ ಮೇಲೆ ಕೈ ಇಟ್ಟರು. ಪಾಪ ಎಂದು ಯಾರೂ ಅನ್ನಲಿಲ್ಲ. ಊಟದ ಹೊತ್ತಿಗೆ ಕಂಡಕ್ಟರುಗಳೆಲ್ಲ ಸಾಲು ನಿಂತು ನಮ್ಮವರ ಜೊತೆ ಒಂದೊಂದು ಮಾತಾಡಿ ಹೋದರು.

ಅದೆಲ್ಲ ಆಗಿ ಸುಮಾರು ಸಮಯವಾಯಿತು. ನಾನೂ ಕೆಲಸ ಬಿಟ್ಟೆ. ದಪ್ಪ ಪರದೆ ಹೋಗಿ ಅದರ ಜಾಗಕ್ಕೆ ಮಗಳು ಕೊಟ್ಟ ತೆಳ್ಳಗಿನದು ಬಂದಿದೆ. ಪೆಟ್ಟಿಗೆ ಮಾತ್ರ ಅದೇ. ಪರೀಕ್ಷೆಗೆ ಹೋದಾಗಲೆಲ್ಲ ಡಾಕ್ಟರು ಎಲ್ಲ ಸರಿ ಉಂಟು ಎನ್ನುತ್ತಾರೆ. ನಾನು ಎರಡು ಕೃತಜ್ಞತೆಯನ್ನೂ ಒಟ್ಟಿಗೆ ಇಟ್ಟುಕೊಂಡಿದ್ದೇನೆ, ನಮ್ಮವರು ಉಳಿದದ್ದಕ್ಕೆ ಒಂದು, ಈ ಪೆಟ್ಟಿಗೆಗೆ ಒಂದು. ಯಾವುದು ಯಾವುದಕ್ಕೆ ಎಂದು ಬೇರೆ ಮಾಡಲು ಹೋಗುವುದಿಲ್ಲ.

ಅಡುಗೆಮನೆಯಲ್ಲಿದ್ದರೂ ಕೀಲಿಗಳ ಸದ್ದಿನಿಂದಲೇ ಅವರ ಮನಸ್ಸು ಹೇಗಿದೆಯೆಂದು ಈಗ ನನಗೆ ಗೊತ್ತಾಗುತ್ತದೆ. ನಿಧಾನವಾಗಿದ್ದರೆ ಹಳೆಯ ನೆನಪು. ಬಿಟ್ಟು ಬಿಟ್ಟು ಬಂದರೆ ಪೇಪರಿನ ಸುದ್ದಿ. ಒಂದೇ ಸಮನೆ ಬಂದರೆ ಏನೋ ದೂರು. ಇವತ್ತು ಬೆಳಿಗ್ಗೆ ಒಂದೇ ಸಮನೆ ಬಂತು. ದೋಸೆ ಕಾವಲಿಯನ್ನು ಇಳಿಸಿ ಹೋಗಿ ನೋಡಿದೆ.

‘ಬೇಗ ಬನ್ನಿ. ಬಾವಿಕಟ್ಟೆಯ ಹತ್ತಿರದ ಪಪ್ಪಾಯಿಯನ್ನು ಕಾಗೆ ತಿನ್ನುತ್ತಾ ಉಂಟು. ನಾನು ಓಡಿಸಿದರೆ ಹೆದರುವುದಿಲ್ಲ. ನೀವು ಒಮ್ಮೆ ಕೂಗಿ.’

ನಾನು ಅಂಗಳಕ್ಕೆ ಹೋಗಿ ಕೂಗಿದೆ. ಕಾಗೆ ಹಾರಿತು. ಉಳಿದ ಅರ್ಧ ಹಣ್ಣನ್ನು ಕೊಯ್ದು ತಂದು, ದೋಸೆಯ ಜೊತೆ ಇಬ್ಬರೂ ತಿಂದೆವು.